ಪುಣೆಯಲ್ಲಿ ಇ-ಬೈಕ್: 25 ಕಿ.ಮೀ. ಮಿತಿ, ಲೈಸೆನ್ಸು, ಬ್ಯಾಟರಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂಜವಡಿಯ ಕಂಪನಿ ಕ್ಯಾಂಟೀನಿರಲಿ, ಗಣೇಶನಗರದ ಕನ್ನಡ ಸಂಘದ ಅಂಗಳವಿರಲಿ, ಚಿಂಚವಾಡದ ಉಡುಪಿ ಹೋಟೆಲಿರಲಿ, ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಇ-ಬೈಕಿನ ಮಾತು ಒಮ್ಮೆ ಬಂದೇ ಬರುತ್ತದೆ. ಅಂಗಡಿಯವನು ಒಂದು ಹೇಳಿರುತ್ತಾನೆ, ಪಕ್ಕದ ಫ್ಲ್ಯಾಟಿನವರು ಇನ್ನೊಂದು, ವಾಟ್ಸಾಪ್ ಮೂರನೆಯದು. ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳನ್ನೂ ಅವಕ್ಕೆ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇವೆ.

ಪುಣೆ ಊರೊಳಗೆ ಇ-ಬೈಕನ್ನು ಎಷ್ಟು ವೇಗವಾಗಿ ಓಡಿಸಬಹುದು?

ಅದು ಯಾವ ಇ-ಬೈಕ್ ಎಂಬುದರ ಮೇಲಿದೆ. ಹಸಿರು ನಂಬರ್ ಪ್ಲೇಟ್ ಇರುವ ಸ್ಕೂಟರಾದರೆ ಅದು ಪೆಟ್ರೋಲ್ ಸ್ಕೂಟರಿನಂತೆಯೇ ಮೋಟಾರು ವಾಹನ. ಕೇಂದ್ರ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ದ್ವಿಚಕ್ರ ವಾಹನಗಳಿಗೆ ನಗರದ ರಸ್ತೆಗಳಲ್ಲಿ ಗರಿಷ್ಠ 60 ಕಿ.ಮೀ., ಡಿವೈಡರ್ ಇರುವ ನಾಲ್ಕು ಪಥದ ರಸ್ತೆಗಳಲ್ಲಿ 80 ಕಿ.ಮೀ. ಅದಕ್ಕಿಂತ ಕಡಿಮೆ ಮಿತಿಯ ಬೋರ್ಡ್ ಹಾಕಿದ್ದರೆ ಆ ಬೋರ್ಡೇ ಅಂತಿಮ.

ಎಲ್ಲರ ಬಾಯಲ್ಲೂ ಇರುವ 25 ಕಿ.ಮೀ. ರಸ್ತೆಯ ವೇಗಮಿತಿಯೇ ಅಲ್ಲ. ನಿಮ್ಮ ಗಾಡಿ ಕಾನೂನಿನ ಕಣ್ಣಿಗೆ ಸೈಕಲ್ಲೋ ಮೋಟಾರು ವಾಹನವೋ ಎಂದು ತೀರ್ಮಾನಿಸುವ ಗೆರೆ ಅದು. ಈ ಗೆರೆಯ ಆಚೆಗಿನ ವೇಗವೂ ಬೇಕು, ಈಚೆಗಿನ ವಿನಾಯಿತಿಯೂ ಬೇಕು ಎನ್ನುವವರೇ ಪೇಚಿಗೆ ಸಿಕ್ಕಿಕೊಳ್ಳುವುದು.

ಹಾಗಾದರೆ ಯಾವುದಕ್ಕೆ ಲೈಸೆನ್ಸು, ರಿಜಿಸ್ಟ್ರೇಷನ್ ಬೇಡ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬ್ಯಾಟರಿ ವಾಹನಗಳ ವ್ಯಾಖ್ಯೆಯಿದೆ. ಅದರಂತೆ ಮೋಟಾರಿನ 'ಮೂವತ್ತು ನಿಮಿಷದ ಶಕ್ತಿ' 0.25 ಕಿಲೋವ್ಯಾಟ್‌ಗಿಂತ, ಅಂದರೆ 250 ವ್ಯಾಟ್‌ಗಿಂತ, ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಮೀರಬಾರದು. ಸರಿಯಾದ ಬ್ರೇಕು, ಮುಂದೆ ಬಿಳಿ ರಿಫ್ಲೆಕ್ಟರ್, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು. ಇವೆಲ್ಲ ಕೂಡಿದರೆ ಮಾತ್ರ ಅದು ಮೋಟಾರು ವಾಹನವಲ್ಲ. ಒಂದು ತಪ್ಪಿದರೂ ವಿನಾಯಿತಿ ಇಲ್ಲ.

'ಮೂವತ್ತು ನಿಮಿಷದ ಶಕ್ತಿ' ಎಂದರೆ ಮೋಟಾರು ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಸಿಗ್ನಲ್ ಬಿಟ್ಟಾಗ ಒಂದು ಗಳಿಗೆ ಅದಕ್ಕಿಂತ ಹೆಚ್ಚು ಎಳೆಯಬಹುದು, ಅದರಲ್ಲಿ ತಪ್ಪಿಲ್ಲ.

ಇಷ್ಟೆಲ್ಲ ಇದೆ ಎಂದು ಹೇಳಬೇಕಾದವನು ಅಂಗಡಿಯವನಲ್ಲ, ಅಧಿಕೃತ ಪರೀಕ್ಷಾ ಸಂಸ್ಥೆ. ಅಂಥ ಎರಡು ಸಂಸ್ಥೆಗಳು ನಮ್ಮ ಪುಣೆಯಲ್ಲೇ ಇವೆ: 1966ರಲ್ಲಿ ಶುರುವಾಗಿ ಇಂದು ಕೋಥ್ರೂಡ್ ಬದಿಯ ವೇತಾಳ ಟೇಕಡಿಯ (ಗುಡ್ಡದ) ಮೇಲಿರುವ ಎಆರ್‌ಎಐ, ಮತ್ತು ಭೋಸರಿಯ ಸಿಐಆರ್‌ಟಿ. ದೇಶದಲ್ಲಿ ಓಡುವ ಎಷ್ಟೋ ಗಾಡಿಗಳ ಪ್ರಮಾಣಪತ್ರ ನಮ್ಮ ಟೇಕಡಿಯಿಂದ ಇಳಿದು ಹೋದದ್ದು, ಆದರೂ ಆ ಕಾಗದ ಕೇಳಿ ತೆಗೆದುಕೊಳ್ಳುವವರು ಪುಣೆಯಲ್ಲೇ ಕಡಿಮೆ.

ಪೆಡಲ್ ಇರುವ ಇ-ಸೈಕಲ್ಲಿಗೂ ಇದೇ ನಿಯಮವೇ?

ಪೆಡಲ್ ತುಳಿದರೆ ಮೋಟಾರು ಕೈಜೋಡಿಸುವ ಸೈಕಲ್ಲಿಗೂ 250 ವ್ಯಾಟಿನ ಮಿತಿಯೇ. ವೇಗ ಏರಿದಂತೆ ಮೋಟಾರಿನ ನೆರವು ಕಡಿಮೆಯಾಗುತ್ತಾ ಬಂದು 25ಕ್ಕೆ ಪೂರ್ತಿ ನಿಲ್ಲಬೇಕು. ತುಳಿಯುವುದು ಬಿಟ್ಟರೆ ಅದಕ್ಕೂ ಮೊದಲೇ ನಿಲ್ಲಬೇಕು. ನಿಮ್ಮ ಕಾಲಿನ ಬಲದಿಂದಲೇ 30ಕ್ಕೆ ಹೋದರೆ ಯಾರ ತಕರಾರೂ ಇಲ್ಲ. ಆಕ್ಸಿಲರೇಟರ್ ತಿರುಗಿಸಿದರೂ ಓಡುವ ಮಾದರಿಗಳು ಇಲ್ಲಿ ಸಾಮಾನ್ಯ. ಮೇಲಿನ ಶಕ್ತಿ ಮತ್ತು ವೇಗದ ಮಿತಿಯೊಳಗಿದ್ದರೆ ಅವಕ್ಕೂ ವಿನಾಯಿತಿ ಸಿಗುತ್ತದೆ.

ಅಂಗಡಿಯವನು 'ಸ್ಪೀಡ್ ಲಾಕ್ ತೆಗೆದುಕೊಡ್ತೀನಿ, 45 ಹೋಗುತ್ತೆ, ಲೈಸೆನ್ಸೂ ಬೇಡ' ಅಂತಾನೆ. ತೆಗೆಸಲೇ?

ಬೇಡ. ಹೀಗೆ ಹೇಳುವ ಅಂಗಡಿಯಲ್ಲಿ ಗಾಡಿಯನ್ನೇ ಕೊಳ್ಳಬೇಡಿ.

ಮೊದಲು ಲೆಕ್ಕ ನೋಡಿ. ಸವಾರನೂ ಸೇರಿ 140 ಕಿಲೋ ತೂಗುವ ಸ್ಕೂಟರನ್ನು ಸಮತಟ್ಟು ರಸ್ತೆಯಲ್ಲಿ 25ರ ವೇಗದಲ್ಲಿ ಓಡಿಸಲು ಸುಮಾರು 230ರಿಂದ 240 ವ್ಯಾಟ್ ಬೇಕು. ನಿಯಮದ 25 ಮತ್ತು 250 ಒಂದಕ್ಕೊಂದು ಹೊಂದುತ್ತವೆ. ಅದೇ ಗಾಡಿ 45ರಲ್ಲಿ ಓಡಬೇಕಾದರೆ ಸುಮಾರು 900 ವ್ಯಾಟ್ ಬೇಕು, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ 'ಮೋಟಾರು 250 ವ್ಯಾಟ್, ಸ್ಪೀಡು 45' ಎಂದು ಒಂದೇ ಉಸಿರಿನಲ್ಲಿ ಹೇಳುವವನ ಎರಡು ಮಾತಿನಲ್ಲಿ ಒಂದು ಸುಳ್ಳು. ಹೆಚ್ಚಿನ ಸಲ ಸುಳ್ಳು ಇರುವುದು ಮೋಟಾರಿನ ಮೇಲಿನ ಸ್ಟಿಕ್ಕರಿನಲ್ಲಿ.

ಇನ್ನು ಕಾನೂನು. ಲಾಕ್ ತೆಗೆದ ಕ್ಷಣವೇ ಅದು ಮೋಟಾರು ವಾಹನವಾಗುತ್ತದೆ, ಅದೂ ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಮೋಟಾರು ವಾಹನ ಕಾಯಿದೆಯಂತೆ ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ, ರಿಜಿಸ್ಟರ್ ಆಗದ ಗಾಡಿ ಓಡಿಸಿದರೆ ಮೊದಲ ಸಲ 5,000ದವರೆಗೆ, ಇನ್ಶೂರೆನ್ಸ್ ಇಲ್ಲದ್ದಕ್ಕೆ ಮೊದಲ ಸಲ 2,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು. ಇಂಥ ಗಾಡಿಯನ್ನು ಆಮೇಲೆ ರಿಜಿಸ್ಟರ್ ಮಾಡಿಸಿಕೊಳ್ಳೋಣ ಎಂದರೂ ಆಗದು. ಆ ರೂಪದಲ್ಲಿ ಅದಕ್ಕೆ ಅನುಮೋದನೆಯೇ ಇರುವುದಿಲ್ಲ. 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಸಾರಿಗೆ ಆಯುಕ್ತರ ಕಚೇರಿ ಇಂಥ ಬದಲಾಯಿಸಿದ ಇ-ಬೈಕ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯದ ಆರ್‌ಟಿಒಗಳಿಗೆ ಸೂಚಿಸಿತ್ತು.

ಮೂರನೆಯದು ಯಂತ್ರದ ಮಾತು. 25ಕ್ಕೆಂದು ಕೂಡಿಸಿದ ಕಂಟ್ರೋಲರ್ (ಮೋಟಾರಿಗೆ ಕರೆಂಟು ಅಳೆದು ಬಿಡುವ ಭಾಗ), ತಂತಿ, ಬ್ಯಾಟರಿಗಳಿಂದ ನಾಲ್ಕು ಪಟ್ಟು ಶಕ್ತಿ ಎಳೆದರೆ ಅವು ಕಾದು ಬಿಸಿಯಾಗುತ್ತವೆ. ಪ್ರತಿ ಕಿಲೋಮೀಟರಿಗೆ ಬೇಕಾಗುವ ಕರೆಂಟು ಸುಮಾರು ದುಪ್ಪಟ್ಟಾಗಿ ರೇಂಜ್, ಅಂದರೆ ಒಂದು ಚಾರ್ಜಿಗೆ ಹೋಗುವ ದೂರ, ಅರ್ಧಕ್ಕಿಳಿಯುತ್ತದೆ. ಬ್ರೇಕು ಮಾತ್ರ ಹಳೆಯದೇ ಇರುತ್ತದೆ.

20 ಕಿ.ಮೀ. ಹೆಚ್ಚಾದರೆ ಅಂಥದ್ದೇನು ಮಹಾ ವ್ಯತ್ಯಾಸ?

ಎದುರು ನಾಯಿ ಬಂತು ಎಂದುಕೊಳ್ಳಿ. ಕಣ್ಣು ಕಂಡು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡು. 25ರ ವೇಗದಲ್ಲಿ ಆ ಒಂದು ಸೆಕೆಂಡಿಗೆ ಗಾಡಿ 7 ಮೀಟರ್ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೊಂದು 5 ಮೀಟರ್, ಒಟ್ಟು 12. 45ರಲ್ಲಿ ಬ್ರೇಕ್ ಮುಟ್ಟುವ ಮೊದಲೇ 12 ಮೀಟರ್ ದಾಟಿರುತ್ತದೆ, ನಿಲ್ಲುವಷ್ಟರಲ್ಲಿ ಸುಮಾರು 28. ನಿಧಾನದ ಗಾಡಿ ನಿಂತುಬಿಟ್ಟ ಜಾಗದಲ್ಲಿ ವೇಗದ ಗಾಡಿಗೆ ಇನ್ನೂ ಬ್ರೇಕೇ ಬಿದ್ದಿರುವುದಿಲ್ಲ. ಢಿಕ್ಕಿಯ ಶಕ್ತಿ ಮೂರು ಪಟ್ಟಿಗಿಂತ ಹೆಚ್ಚು. ಇದು ಒಣ ರಸ್ತೆಯ, ಒಳ್ಳೆಯ ಬ್ರೇಕಿನ ಲೆಕ್ಕ. ಜುಲೈ ತಿಂಗಳಲ್ಲಿ ಲಕ್ಷ್ಮಿ ರಸ್ತೆಯ ಲೆಕ್ಕವೇ ಬೇರೆ.

ಇಳಿಜಾರಿನಲ್ಲಿ ತಾನಾಗಿಯೇ 25 ದಾಟಿದರೆ ತಪ್ಪೇ?

ನಿಯಮ ನೋಡುವುದು ಮೋಟಾರು ಗಾಡಿಯನ್ನು ಎಷ್ಟರವರೆಗೆ ತಳ್ಳುತ್ತದೆ ಎಂಬುದನ್ನು. ಇಳಿಜಾರು ತಳ್ಳಿದ್ದಕ್ಕೆ ಮೋಟಾರು ಹೊಣೆಯಲ್ಲ. ಆದರೆ ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಂಥ ಕಡೆ ಸಣ್ಣ ಚಕ್ರದ ಗಾಡಿ ತರಲೇಬೇಡಿ. ಅಲ್ಲಿ ಲಾರಿಗಳೇ ಹತೋಟಿ ತಪ್ಪಿದ ಅಪಘಾತಗಳು ಸಾಕಷ್ಟು ಆಗಿವೆ.

ಏರು ಹತ್ತುತ್ತದೆಯೇ? ನಮ್ಮದು ಟೇಕಡಿ ಪಕ್ಕದ ಮನೆ.

ಪುಣೆಯಲ್ಲಿ ಗಾಡಿ ಕೊಳ್ಳುವವರು ಮೊದಲು ಕೇಳಬೇಕಾದದ್ದು ಇದು, ಆದರೆ ಕೊಂಡ ಮೇಲೆ ಕೇಳುತ್ತಾರೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ 140 ಕಿಲೋ ಭಾರವನ್ನು ಬರೀ 250 ವ್ಯಾಟ್ ಎಳೆದರೆ ವೇಗ ಗಂಟೆಗೆ 9 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಹಿಂದೆ ಇನ್ನೊಬ್ಬರು ಕೂತರೆ ಇಳಿದು ನಡೆಯಬೇಕಾದೀತು. ವಿಚಿತ್ರವೆಂದರೆ ಇಲ್ಲಿ ಪೆಡಲ್ ಇರುವ ಇ-ಸೈಕಲ್ಲು ಲೈಸೆನ್ಸ್ ಬೇಡದ ಸ್ಕೂಟರನ್ನು ಹಿಂದೆ ಹಾಕುತ್ತದೆ. ಸೈಕಲ್ಲು, ಸವಾರ ಸೇರಿ ನೂರು ಕಿಲೋ. ಮೋಟಾರಿನ 250ಕ್ಕೆ ನಿಮ್ಮ ಕಾಲಿನ 100 ವ್ಯಾಟ್ ಸೇರಿದರೆ ಅದೇ ಏರನ್ನು 18–19ರಲ್ಲಿ ಹತ್ತಬಹುದು.

ಔಂಧ್, ಸದಾಶಿವ ಪೇಠ, ಡೆಕ್ಕನ್ ಸುತ್ತ ಓಡಾಡುವವರಿಗೆ ಈ ಚಿಂತೆ ಕಡಿಮೆ. ದಿನವೂ ಚಾಂದನಿ ಚೌಕ ಹತ್ತಿ ಬಾವಧನ್‌ಗೆ ಹೋಗುವವರು, ಪಾಷಾಣದ ಮೇಲ್ಭಾಗದಲ್ಲಿರುವವರು ಸುಮ್ಮನೆ ರಿಜಿಸ್ಟರ್ ಆಗುವ ಸ್ಕೂಟರನ್ನೇ ಕೊಳ್ಳಿ. ಟೆಸ್ಟ್ ರೈಡ್ ಅಂಗಡಿ ಮುಂದಿನ ರಸ್ತೆಯಲ್ಲಲ್ಲ, ನಿಮ್ಮ ಮನೆಯ ಏರಿನಲ್ಲಿ ಕೇಳಿ.

ನಿಜವಾಗಿ ಜನ ಇವನ್ನು ಯಾತಕ್ಕೆ ಬಳಸುತ್ತಾರೆ?

ಕಂಪನಿಗಳ ಜಾಹೀರಾತಿನಲ್ಲಿ ಬೆಟ್ಟ, ಹೊಳೆ, ಟೀ ಶರ್ಟು ತೊಟ್ಟ ಹುಡುಗರು ಕಾಣಿಸುತ್ತಾರೆ. ಊರಿನಲ್ಲಿ ಕಾಣುವ ಚಿತ್ರ ಬೇರೆ. ಬೆಳಗ್ಗೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಕೊತ್ತಂಬರಿ, ಕರಿಬೇವಿನ ಚೀಲ ಕಾಲಬಳಿ ಇಟ್ಟುಕೊಂಡು ಬರುವ ಹೋಟೆಲಿನವರು, ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಅಡುಗೆ ಕೆಲಸಕ್ಕೆ ಹೋಗುವ ಹೆಂಗಸರು, ಮೊಣಕಾಲು ನೋವಿದ್ದರೂ ರಿಕ್ಷಾದವರ ಜತೆ ಚೌಕಾಶಿ ಮಾಡಲೊಲ್ಲದ ನಿವೃತ್ತರು, ಕ್ಲಾಸಿಗೆ ಹೋಗುವ ಕಾಲೇಜು ಹುಡುಗಿಯರು. ಇವರಿಗೆ ವೇಗ ದೊಡ್ಡ ವಿಷಯವೇ ಅಲ್ಲ. ಸಂಜೆ ಹೊತ್ತು ಸ್ವಾರಗೇಟ್ ಸುತ್ತ 45 ಹೋಗಬಲ್ಲ ಗಾಡಿಗೂ 45 ಹೋಗಲು ಜಾಗವಿರುವುದಿಲ್ಲ. ಅವರಿಗೆ ಬೇಕಾದದ್ದು ಮೂರು ನಾಲ್ಕು ಕಿಲೋಮೀಟರ್, ಬೆವರಿಲ್ಲದೆ, ಪೆಟ್ರೋಲ್ ಬಂಕಿನ ಸಾಲಿಲ್ಲದೆ.

ಇದು ಪುಣೆಗೆ ಹೊಸತೂ ಅಲ್ಲ. ಒಂದು ಕಾಲಕ್ಕೆ ಇದು ಸೈಕಲ್ಲುಗಳ ಊರು. 1972ರಲ್ಲಿ ಇಲ್ಲಿನ ಕೈನೆಟಿಕ್ ಕಂಪನಿಯೇ 50 ಸಿಸಿಯ ಲೂನಾ ಮೊಪೆಡ್ ತಂದು, ಸೈಕಲ್ಲಿಗೂ ಸ್ಕೂಟರಿಗೂ ನಡುವಿನ ಜಾಗ ತುಂಬಿತ್ತು. ನಮ್ಮಲ್ಲಿ ಹಲವರ ಅಪ್ಪಂದಿರು ಹುಬ್ಬಳ್ಳಿ, ವಿಜಯಪುರದ ಓಣಿಗಳಲ್ಲಿ ಅದೇ ಲೂನಾದ ಮೇಲೆ ಸಿಲಿಂಡರ್ ಕಟ್ಟಿಕೊಂಡು ತಂದವರು. 2024ರಲ್ಲಿ ಇ-ಲೂನಾ ಬಂತು, ಆದರೆ ಅದು 50ರವರೆಗೆ ಹೋಗುವ, ರಿಜಿಸ್ಟ್ರೇಷನ್ ಬೇಕಾದ ಗಾಡಿ. 2020ರ ಜನವರಿಯಲ್ಲಿ ಎಲೆಕ್ಟ್ರಿಕ್ ಚೇತಕ್ ಮೊದಲು ಮಾರಾಟಕ್ಕೆ ಬಂದದ್ದು ಪುಣೆ ಮತ್ತು ಬೆಂಗಳೂರಿನಲ್ಲಿ. ಇ-ಸೈಕಲ್ ಮಾಡುವ ಇಮೋಟೊರಾಡ್ ಕೂಡ ಪುಣೆಯ ಕಂಪನಿ.

ಹಿಂಜವಡಿಯ ಐಟಿಯವರು ಇ-ಸೈಕಲ್ಲನ್ನು ಉತ್ಸಾಹದಿಂದ ಕೊಳ್ಳುತ್ತಾರೆ, ನಾಲ್ಕು ದಿನ ಆಫೀಸಿಗೂ ಒಯ್ಯುತ್ತಾರೆ. ಆಮೇಲೆ ಅದು ಭಾನುವಾರದ ಸೈಕಲ್ಲಾಗುತ್ತದೆ. ಕಾರಣ ಸೈಕಲ್ಲಲ್ಲ, ರಸ್ತೆ. ಊರಲ್ಲಿ ಸೈಕಲ್ ಟ್ರ್ಯಾಕ್ ಇಲ್ಲವೆಂದಲ್ಲ, ಆದರೆ ಅದರ ಮೇಲೆ ಸೈಕಲ್ ಬಿಟ್ಟು ಮಿಕ್ಕೆಲ್ಲವೂ ನಿಂತಿರುತ್ತವೆ.

ಊರಿನಿಂದ ತಮ್ಮ ಬಂದಿದ್ದಾನೆ, ಲೈಸೆನ್ಸ್ ಇಲ್ಲ. ಬಾಡಿಗೆ ಇ-ಬೈಕಿನಲ್ಲಿ ಡೆಲಿವರಿ ಕೆಲಸ ಮಾಡಬಹುದೇ?

ಮಾಡಬಹುದು, ಕಲಬುರಗಿ, ಬೀದರ್, ವಿಜಯಪುರ ಕಡೆಯಿಂದ ಬಂದ ಎಷ್ಟೋ ಹುಡುಗರು ಹಾಗೇ ಶುರು ಮಾಡುತ್ತಾರೆ. ಡೆಲಿವರಿಗೆಂದೇ 25ರ ಮಿತಿಯೊಳಗೆ ತಯಾರಾದ ಮಾದರಿಗಳಿವೆ. ಇ-ಬೈಕ್ ಬಾಡಿಗೆಗೆ ಕೊಡುವ ಯುಲು ಕಂಪನಿಗಾಗಿ ಬಜಾಜ್ ಆಟೋದ ಅಂಗಸಂಸ್ಥೆ ತಯಾರಿಸುವ ಡೆಕ್ಸ್ ಜಿಆರ್ ಅಂಥದ್ದು, 2023ರಲ್ಲಿ ಬಂತು.

ಅವನಿಗೆ ಮೂರು ಮಾತು ಹೇಳಿಕೊಡಿ. ಬಾಡಿಗೆಗೆ ಕೊಡುವವರು ಎಷ್ಟು ವೇಗ ಹೋಗುವ ಗಾಡಿ ಕೊಟ್ಟಿದ್ದಾರೆ ಎಂದು ಫೋನಿನ ಜಿಪಿಎಸ್ ಹಾಕಿ ಮೊದಲ ದಿನವೇ ನೋಡಿಕೊಳ್ಳಲಿ, ಮೀಟರನ್ನು ನಂಬುವುದು ಬೇಡ. 35–40 ತೋರಿಸಿದರೆ ಗಾಡಿ ವಾಪಸ್ ಕೊಡಲಿ. ಪೊಲೀಸರು ಹಿಡಿದಾಗ ರಸ್ತೆ ಮೇಲೆ ನಿಲ್ಲುವವನು ಮಾಲೀಕನಲ್ಲ, ಇವನೇ. ಎರಡನೆಯದು, 25ರ ಗಾಡಿಯಲ್ಲಿ ಐದು ಕಿಲೋಮೀಟರಿನ ಆರ್ಡರ್ ಹಿಡಿದರೆ ದಿನದ ಲೆಕ್ಕ ಹೊಂದುವುದಿಲ್ಲ, ಹತ್ತಿರದ ಆರ್ಡರುಗಳಷ್ಟೇ ಗಿಟ್ಟುತ್ತವೆ. ಮೂರನೆಯದು ರಾಂಗ್ ಸೈಡ್. 'ನಮ್ಮದು ಮೋಟಾರು ವಾಹನವೇ ಅಲ್ಲ, ನಮಗೇನು ರೂಲ್ಸ್' ಎಂಬ ಧೈರ್ಯ ಆ ಹುಡುಗರಲ್ಲಿ ಬೆಳೆದುಬಿಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಸಾರ್ವಜನಿಕ ರಸ್ತೆಯಲ್ಲಿ ಅಜಾಗರೂಕತೆಯಿಂದ 'ಯಾವುದೇ ವಾಹನ' ಓಡಿಸುವುದನ್ನು ಅಪರಾಧ ಎನ್ನುತ್ತದೆ. ಸೈಕಲ್ಲೂ ಅದರೊಳಗೆ ಬಂತು. ಮುಂಬೈಯ ಟ್ರಾಫಿಕ್ ಪೊಲೀಸರು ಇದೇ ಕಾರಣಕ್ಕೆ ಇ-ಬೈಕ್‌ಗಳ ಮೇಲೆ ವಿಶೇಷ ಕಾರ್ಯಾಚರಣೆ ನಡೆಸಿ ಗಾಡಿಗಳನ್ನು ಜಪ್ತಿ ಮಾಡಿದ್ದೂ ಇದೆ.

ಆರು ತಿಂಗಳಲ್ಲಿ ಲೈಸೆನ್ಸ್ ಮಾಡಿಸಿಕೊಟ್ಟುಬಿಡಿ. ಆ ಮೇಲೆ ಅವನ ಮುಂದೆ ಬೇರೆ ಕೆಲಸಗಳೂ ತೆರೆದುಕೊಳ್ಳುತ್ತವೆ.

ಸಿಗ್ನಲ್ಲಿನಲ್ಲಿ ಮಾಮಾ (ಟ್ರಾಫಿಕ್ ಪೊಲೀಸ್) ತಡೆದರೆ ಏನು ತೋರಿಸಬೇಕು?

ನಂಬರ್ ಪ್ಲೇಟ್ ಇಲ್ಲದ ಗಾಡಿಯನ್ನು ತಡೆದು ಕೇಳುವುದು ಅವರ ಕೆಲಸ, ಅದಕ್ಕೆ ಸಿಡುಕಬೇಡಿ. ಬಿಲ್ಲು, ಪರೀಕ್ಷಾ ಸಂಸ್ಥೆ ಆ ಮಾದರಿಗೆ ಕೊಟ್ಟ ಟೈಪ್ ಅಪ್ರೂವಲ್ ಸರ್ಟಿಫಿಕೇಟಿನ ಪ್ರತಿ, ಮೋಟಾರಿನ ಶಕ್ತಿ ನಮೂದಾಗಿರುವ ಪುಟ ಇವುಗಳ ಫೋಟೋ ಫೋನಿನಲ್ಲಿರಲಿ. ಸರ್ಟಿಫಿಕೇಟಿನಲ್ಲಿರುವ ಮಾದರಿಯ ಹೆಸರೂ ನಿಮ್ಮ ಬಿಲ್ಲಿನ ಹೆಸರೂ ಒಂದೇ ಇರಬೇಕು. ಬೇರೆ ಮಾದರಿಯ ಸರ್ಟಿಫಿಕೇಟ್ ತೋರಿಸಿ ಮಾರುವವರಿದ್ದಾರೆ. ಚಾಸಿ ನಂಬರನ್ನೂ ಬರೆದಿಟ್ಟುಕೊಳ್ಳಿ. ಆರ್‌ಟಿಒ ದಾಖಲೆಯೇ ಇಲ್ಲದ ಗಾಡಿ ಕಳುವಾದರೆ ಅದು ನಿಮ್ಮದೆಂದು ತೋರಿಸಲು ಉಳಿಯುವುದು ಅದೊಂದೇ. ಭಾಷೆಯ ಭಯ ಬೇಡ. 'ಸಾಹೇಬ, ಪಂಚವೀಸ್‌ಚಾ ಆಹೆ, ಕಾಗದ ಆಹೇತ್' (ಸಾಹೇಬರೇ, 25ರದ್ದು, ಕಾಗದ ಇವೆ) ಎಂದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ಹದಿನೈದು ವರ್ಷದ ಮಗನಿಗೆ ಕೊಡಿಸಬಹುದೇ?

25ರೊಳಗಿನ ಗಾಡಿ ಮೋಟಾರು ವಾಹನವಲ್ಲದ ಕಾರಣ ಮೋಟಾರು ವಾಹನ ಕಾಯಿದೆಯ ವಯಸ್ಸಿನ ಮಿತಿ ಅದಕ್ಕೆ ತಾಗುವುದಿಲ್ಲ. ಆದರೆ ಹದಿನೈದರ ಹುಡುಗನ ಕೈಗೆ ಗಾಡಿ ಕೊಟ್ಟರೆ ಲಾಕ್ ತೆಗೆಸುವ ಅಂಗಡಿ ಎಲ್ಲಿದೆ ಎಂದು ನಿಮಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ತೆಗೆಸಿದ ಮೇಲೆ ಅಪ್ರಾಪ್ತ ವಯಸ್ಕನ ಕೈಗೆ ಮೋಟಾರು ವಾಹನ ಕೊಟ್ಟ ಪ್ರಕರಣವಾಗುತ್ತದೆ. ಕಾಯಿದೆಯ 199ಎ ಕಲಮಿನಂತೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕೊಡಿಸುವುದಾದರೆ ಪೆಡಲ್ ಇರುವುದನ್ನು ಕೊಡಿಸಿ. ತುಳಿದರೆ ಮಾತ್ರ ಓಡುವ ಸೈಕಲ್ಲಿಗೆ ಒಳ್ಳೆಯ ಗುಣವೊಂದಿದೆ: ಸೋಮಾರಿತನಕ್ಕೆ ಅದು ಬಗ್ಗುವುದಿಲ್ಲ.

ಹೆಲ್ಮೆಟ್?

ರಿಜಿಸ್ಟರ್ ಆದ ಗಾಡಿಗೆ ಸವಾರನಿಗೂ ಹಿಂದೆ ಕೂತವರಿಗೂ ಕಡ್ಡಾಯ. ಉಳಿದದ್ದಕ್ಕೆ ಕಾಯಿದೆ ಒತ್ತಾಯಿಸುವುದಿಲ್ಲ, ಡಾಂಬರು ಒತ್ತಾಯಿಸುತ್ತದೆ. ಹಾಕಿಕೊಳ್ಳಿ. ಹೆಲ್ಮೆಟ್ ವಿಷಯದಲ್ಲಿ ಪುಣೆಕರರೊಂದಿಗೆ ವಾದಕ್ಕೆ ಮಾತ್ರ ಇಳಿಯಬೇಡಿ, ಅದು ಮುಗಿಯುವ ವಾದವಲ್ಲ.

ಇನ್ಶೂರೆನ್ಸ್ ಬೇಡ ಅಂದರೆ ಅದು ಲಾಭವೇ ಅಲ್ಲವೇ?

ಯಾರಿಗೂ ಏನೂ ಆಗದ ತನಕ ಲಾಭ. 25ರ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಿಲ್ಲ. ಆದರೆ ಅಡ್ಡಬಂದ ಅಜ್ಜಿಯೊಬ್ಬರ ಸೊಂಟ ಮುರಿದರೆ ಆಸ್ಪತ್ರೆಯ ಬಿಲ್ಲಿಗೆ ನಿಮ್ಮ ಬೆನ್ನ ಹಿಂದೆ ಯಾವ ಕಂಪನಿಯೂ ನಿಲ್ಲುವುದಿಲ್ಲ. ಲಾಕ್ ತೆಗೆದ ಗಾಡಿಯಾಗಿದ್ದರೆ ಇನ್ನೂ ಕಷ್ಟ. ಆಗ ಅದು ವಿಮೆಯಿಲ್ಲದ ಮೋಟಾರು ವಾಹನ, ಪರಿಹಾರದ ಪೂರ್ತಿ ಹೊರೆ ಮಾಲೀಕನ ತಲೆಗೆ ಬರುತ್ತದೆ. ರಿಜಿಸ್ಟರ್ ಆದ ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳುವಾಗಲೇ ಬರುತ್ತದೆ. ಬ್ಯಾಟರಿ ಗಾಡಿಗಳಿಗೆ 2021ರಿಂದ ರಿಜಿಸ್ಟ್ರೇಷನ್ ಶುಲ್ಕವೂ ಇಲ್ಲ, ಹೊಗೆ ತಪಾಸಣೆಯ ಪಿಯುಸಿಯೂ ಬೇಡ. ಇಷ್ಟಾದ ಮೇಲೂ ರಿಜಿಸ್ಟ್ರೇಷನ್ ತಪ್ಪಿಸಲು ಜನ ಯಾಕೆ ಅಷ್ಟು ಒದ್ದಾಡುತ್ತಾರೋ!

ಒಂದು ಚಾರ್ಜಿಗೆ ಎಷ್ಟು ದೂರ, ಎಷ್ಟು ಖರ್ಚು?

ಇ-ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವ 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವ್ಯಾಟ್ ಅವರ್ ಇರುತ್ತದೆ, ಅಂದರೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗದಷ್ಟು. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ ಪೂರ್ತಿ ಚಾರ್ಜಿಗೆ ನಾಲ್ಕೈದು ರೂಪಾಯಿ. ಅದರಲ್ಲಿ 25ರಿಂದ 35 ಕಿ.ಮೀ. ಬರುತ್ತದೆ. ಕಂಪನಿ ಬರೆಯುವ ದೂರ ತೆಳ್ಳಗಿನ ಸವಾರ, ಸಮತಟ್ಟು ರಸ್ತೆ, ನಿಲ್ಲದ ಓಟದ ಲೆಕ್ಕ. ಅದರಲ್ಲಿ ಮೂರನೇ ಒಂದು ಭಾಗ ಕಳೆದುಬಿಡಿ. ಕರೆಂಟಿನ ಬಿಲ್ಲಿಗಿಂತ ಬ್ಯಾಟರಿ ಬದಲಿಸುವ ಖರ್ಚೇ ದೊಡ್ಡದು, ಕೊಳ್ಳುವಾಗ ಅದರ ಬೆಲೆ ಕೇಳಿ. ಅಗ್ಗದ ಸ್ಕೂಟರುಗಳಲ್ಲಿ ಇನ್ನೂ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಅವು ಭಾರ, ಬೇಗ ಸೋಲುತ್ತವೆ.

ಸೊಸೈಟಿಯವರು ಚಾರ್ಜಿಂಗಿಗೆ ಬಿಡುತ್ತಿಲ್ಲ. ಬೆಂಕಿಯ ಭಯ ಅಂತಾರೆ.

ಭಯ ಪೂರ್ತಿ ಸುಳ್ಳಲ್ಲ. 2022ರ ಮಾರ್ಚ್‌ನಲ್ಲಿ ಪುಣೆಯ ಲೋಹೆಗಾಂವ್‌ನಲ್ಲಿ ನಿಂತಿದ್ದ ಇ-ಸ್ಕೂಟರೊಂದು ಹೊತ್ತಿ ಉರಿದ ವಿಡಿಯೊ ದೇಶವೆಲ್ಲ ನೋಡಿದೆ. ಆ ವರ್ಷದ ಸರಣಿ ಘಟನೆಗಳ ನಂತರ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಎಂದು ಎರಡು ಹಂತಗಳಲ್ಲಿ ಜಾರಿಗೆ ತಂದರು. ಆದರೆ ಆ ಮಾನದಂಡ ಇರುವುದು ರಿಜಿಸ್ಟರ್ ಆಗುವ ವಾಹನಗಳಿಗೆ. 25ರ ಗಾಡಿ ಕೊಳ್ಳುವವರು ಬ್ಯಾಟರಿ ಯಾರದು, ಅದನ್ನು ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಣ ವ್ಯವಸ್ಥೆ ಬಿಎಂಎಸ್ ಇದೆಯೇ ಎಂದು ತಾವೇ ಕೇಳಬೇಕು.

ನಿಮ್ಮದೇ ಮೀಟರಿನ ಮನೆ ಸಂಪರ್ಕದಿಂದ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯಲ್ಲಿ ಅವಕಾಶವಿದೆ, ಅದನ್ನು ಸಮಿತಿಗೆ ತೋರಿಸಿ. ಜಗಳವಾಗುವುದು ಸಾಮಾನ್ಯ ಮೀಟರಿನಿಂದ ಕರೆಂಟು ಎಳೆದಾಗ, ಮತ್ತು ಮೆಟ್ಟಿಲ ಕೆಳಗೆ ಚಾರ್ಜಿಗಿಟ್ಟಾಗ. ಎರಡನೆಯದರಲ್ಲಿ ನಾನು ಸಮಿತಿಯ ಪರ. ಮೆಟ್ಟಿಲು ಎಲ್ಲರೂ ಓಡಿಹೋಗುವ ದಾರಿ. ಅಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲಿನವರು ಮೇಲೆಯೇ ಉಳಿಯುತ್ತಾರೆ. ಬಿಸಿಲಿನಲ್ಲಿ ಓಡಿಸಿ ತಂದ ಗಾಡಿಯನ್ನು ಅರ್ಧ ಗಂಟೆ ತಣಿಸಿ ಚಾರ್ಜಿಗಿಡಿ. ಗಾಡಿಯೊಂದಿಗೆ ಬಂದ ಚಾರ್ಜರನ್ನೇ ಬಳಸಿ, ರಾತ್ರಿಯಿಡೀ ಬಾಗಿಲ ಬಳಿ ಬಿಟ್ಟು ಮಲಗಬೇಡಿ.

ಮಳೆಗಾಲದಲ್ಲಿ ಓಡಿಸಬಹುದೇ?

ಮಳೆಯಲ್ಲಿ ಓಡಿಸಬಹುದು, ನಿಂತ ನೀರಿನಲ್ಲಿ ಬೇಡ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂಬ ಪರೀಕ್ಷೆ. ಬ್ಯಾಟರಿಗೆ ಅದಿದ್ದರೂ ಕಂಟ್ರೋಲರಿಗೆ, ಚಕ್ರದೊಳಗಿನ ಹಬ್ ಮೋಟಾರಿಗೆ ಇರಬೇಕೆಂದಿಲ್ಲ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಭಿಡೆ ಸೇತುವೆಯ ಕಡೆ ಹೋಗಲೇಬೇಡಿ, ಯಾವ ಗಾಡಿಯಿದ್ದರೂ. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಾದಂತೆ ಪಾರ್ಕಿಂಗಿಗೇ ನೀರು ನುಗ್ಗಿ ಗಾಡಿ ಮುಳುಗಿದ್ದರೆ, ಒಣಗಿತೆಂದು ಚಾರ್ಜಿಗೆ ಹಾಕಬೇಡಿ. ಮೊದಲು ಮೆಕ್ಯಾನಿಕ್ ಬ್ಯಾಟರಿ ನೋಡಲಿ.

ಕರ್ನಾಟಕದ ಕೆಎ ನಂಬರಿನ ಇ-ಸ್ಕೂಟರ್ ಪುಣೆಗೆ ತಂದಿದ್ದೇನೆ.

ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಮಹಾರಾಷ್ಟ್ರದ ನಂಬರ್ ಪಡೆಯಬೇಕು, ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು. ಸಾಲ ಇದ್ದರೆ ಬ್ಯಾಂಕಿನದೂ ಬೇಕು. 25ರ ಗಾಡಿಗೆ ಈ ತಾಪತ್ರಯವಿಲ್ಲ, ಬಿಲ್ಲು ಜತೆಗಿದ್ದರೆ ಸಾಕು.

ಅದೇ ಸ್ಕೂಟರನ್ನು ಬೈಕ್ ಟ್ಯಾಕ್ಸಿಗೆ ಬಿಡಬಹುದೇ?

ಸ್ವಂತ ಬಳಕೆಯ ನಂಬರಿನಲ್ಲಿ ಆಗದು. ಪುಣೆಯಲ್ಲಿ ಪೆಟ್ರೋಲ್ ಬೈಕ್ ಟ್ಯಾಕ್ಸಿ ವಿವಾದ 2023ರಲ್ಲಿ ಬಾಂಬೆ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಗಿ, ಸೇವೆ ನಿಂತಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸಚಿವ ಸಂಪುಟ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ ಮಾತ್ರ ಒಪ್ಪಿಗೆ ಕೊಟ್ಟಿತು. ಅದಕ್ಕೆ ಲೈಸೆನ್ಸ್ ಪಡೆದ ಕಂಪನಿ ಮತ್ತು ಸಾರಿಗೆ ವಾಹನವಾಗಿ ರಿಜಿಸ್ಟರ್ ಆದ ಗಾಡಿ ಬೇಕು. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತದ್ದು, ಹಳದಿ ಅಕ್ಷರ ಇದ್ದರೆ ಬಾಡಿಗೆಯದ್ದು.

ಎಕ್ಸ್‌ಪ್ರೆಸ್‌ವೇ ಮೇಲೆ ಮುಂಬೈಗೆ?

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ, ಪೆಟ್ರೋಲಿರಲಿ ಬ್ಯಾಟರಿಯಿರಲಿ. ಹಳೆಯ ಹೆದ್ದಾರಿಯೇ ಗತಿ.

ಅಮೆರಿಕದಿಂದ ಬಂದ ಭಾವ ಅಲ್ಲಿನ ಇ-ಬೈಕ್ ತಂದಿದ್ದಾರೆ. ಇಲ್ಲಿ ಓಡಿಸಬಹುದೇ?

ನಮ್ಮ 250 ವ್ಯಾಟ್, 25 ಕಿ.ಮೀ. ಲೆಕ್ಕ ಯುರೋಪಿನದನ್ನು ಹೋಲುತ್ತದೆ. ಅಮೆರಿಕದಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಮೋಟಾರಿನ ನೆರವು 32 ಕಿ.ಮೀ.ವರೆಗೆ, ಮೂರನೇ ದರ್ಜೆಯದಕ್ಕೆ 45ರವರೆಗೆ ಇರಬಹುದು, ಮೋಟಾರು 750 ವ್ಯಾಟಿನದು. ಆದ್ದರಿಂದ ಅಲ್ಲಿ ಸೈಕಲ್ ಆಗಿದ್ದದ್ದು ಇಲ್ಲಿಗೆ ಬಂದಾಗ ರಿಜಿಸ್ಟ್ರೇಷನ್ ಇಲ್ಲದ ಮೋಟಾರು ವಾಹನ. ಮೀಟರಿನಲ್ಲಿ ವೇಗ ಇಳಿಸಿದರೂ ಮೋಟಾರಿನ ಶಕ್ತಿ ಮಿತಿ ಮೀರಿಯೇ ಇರುತ್ತದೆ. ಸೊಸೈಟಿ ಕಾಂಪೌಂಡಿನೊಳಗೆ ಸುತ್ತಾಡಲಿ.

ಮಡಚುವ ಇ-ಸೈಕಲ್ಲನ್ನು ಪುಣೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಯ್ಯಬಹುದೇ?

ಸೈಕಲ್ಲಿಗೆ ಅಡ್ಡಿಯಿಲ್ಲ, ಬ್ಯಾಟರಿ ಬಿಡುವುದಿಲ್ಲ. ಪ್ರಯಾಣಿಕರ ಲಿಥಿಯಂ ಬ್ಯಾಟರಿಗೆ ಮೇಲ್ಮಿತಿ 160 ವ್ಯಾಟ್ ಅವರ್, ನಿಮ್ಮದು ಮೇಲೆ ಹೇಳಿದ 360ರದಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು.

ಸತ್ತುಹೋದ ಬ್ಯಾಟರಿಯನ್ನು ಏನು ಮಾಡಬೇಕು?

ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕಬೇಡಿ, ಕಸದ ಗಾಡಿಗಂತೂ ಬೇಡವೇ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಕೊಂಡ ಡೀಲರಿಗೇ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಬ್ಯಾಟರಿ ಊದಿಕೊಂಡಿದ್ದರೆ ಬಿಚ್ಚಲು, ಚಾರ್ಜ್ ಮಾಡಲು ಹೋಗಬೇಡಿ. ಉರಿಯುವ ವಸ್ತು ಹತ್ತಿರ ಇಲ್ಲದ ಕಡೆ, ಬಯಲಿನಲ್ಲಿ ನೆರಳಿಗಿಟ್ಟು, ಡೀಲರಿಗೆ ಫೋನ್ ಮಾಡಿ ಅವರೇ ಬಂದು ಒಯ್ಯಲು ಹೇಳಿ.